ವೇಗದ ಕಾರುಗಳ ಶಿಲ್ಪಿ ವಾಲ್ಟರ್ ಓವನ್ ಬೆಂಟ್ಲಿ

ಮಕ್ಕಳೇ, ನಿಮ್ಮ ಹೆಸರನ್ನು ನೀವೇ ಬಳಸಕೂಡದು ಎಂದು ಯಾರಾದರೂ ಹೇಳಿದರೆ ನಿಮಗೆ ಹೇಗನ್ನಿಸುತ್ತದೆ? ಹೀಗೂ ಉಂಟೇ ಎಂದು ನಗುತ್ತೀರಿ, ಅಲ್ಲವೇ? ಆದರೆ ಇಂಗ್ಲೆಂಡಿನ ಒಬ್ಬ ಎಂಜಿನಿಯರ್ ಬಾಳಿನಲ್ಲಿ ಇದು ನಿಜವಾಗಿಯೂ ನಡೆಯಿತು. ಅವರ ಹೆಸರನ್ನು ಹೊತ್ತ ಕಾರುಗಳು ಇಂದಿಗೂ ಪ್ರಪಂಚದ ರಸ್ತೆಗಳಲ್ಲಿ ಓಡುತ್ತಿವೆ. ಆದರೆ ತಮ್ಮ 43ನೆಯ ವಯಸ್ಸಿನ ನಂತರ ಅವರು ತಯಾರಿಸಿದ ಒಂದು ಕಾರಿಗೂ ಆ ಹೆಸರನ್ನು ಇಡಲು ಅವರಿಗೆ ಸಾಧ್ಯವಾಗಲಿಲ್ಲ. ಅವರೇ ವಾಲ್ಟರ್ ಓವನ್ ಬೆಂಟ್ಲಿ. ಗೆಳೆಯರು, ಕೆಲಸಗಾರರು ಎಲ್ಲರೂ ಅವರನ್ನು ಡಬ್ಲ್ಯೂ.ಓ. ಎಂದೇ ಕರೆಯುತ್ತಿದ್ದರು.

ಬೆಂಟ್ಲಿ ಎಂದರೆ ಶ್ರೀಮಂತರ ದುಬಾರಿ ಕಾರು ಎಂದಷ್ಟೇ ಹಲವರಿಗೆ ಗೊತ್ತು. ಅದರ ಹಿಂದೆ ಉಷ್ಣ, ತೂಕ, ಲೋಹಗಳ ಗುಣ ಇವುಗಳನ್ನು ಕುರಿತು ಒಬ್ಬ ಮನುಷ್ಯ ಮಾಡಿದ ಸತತ ಚಿಂತನೆ ಇದೆ. ನೀವು ವಿಜ್ಞಾನ ಪಾಠದಲ್ಲಿ ಓದುವ ಉಷ್ಣವಾಹಕತೆ, ಸಾಂದ್ರತೆ, ಜಡತ್ವ ಎಲ್ಲವೂ ಈ ಕಥೆಯಲ್ಲಿ ಬರುತ್ತವೆ. ಬನ್ನಿ, ಓದೋಣ.

ಉಗಿ ಎಂಜಿನ್ನಿನ ಹುಚ್ಚು

ವಾಲ್ಟರ್ ಓವನ್ ಬೆಂಟ್ಲಿ ಹುಟ್ಟಿದ್ದು 1888ರ ಸೆಪ್ಟೆಂಬರ್ 16ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ. ತಂದೆ ವ್ಯಾಪಾರ ಮಾಡಿ ನಿವೃತ್ತರಾದವರು. ಒಂಬತ್ತು ಮಕ್ಕಳಲ್ಲಿ ವಾಲ್ಟರ್ ಕೊನೆಯವನು. ಊಟ ಬಟ್ಟೆಗೆ ಕೊರತೆ ಇರಲಿಲ್ಲ. ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜು ಎಂಬ ಹೆಸರಾಂತ ಶಾಲೆಯಲ್ಲಿ ಓದು. ಆದರೆ ಹುಡುಗನ ಮನಸ್ಸು ಪುಸ್ತಕಗಳಿಗಿಂತ ಹೆಚ್ಚಾಗಿ ರೈಲು ಎಂಜಿನ್ನುಗಳ ಕಡೆಗೇ ಎಳೆಯುತ್ತಿತ್ತು. ಆಗ ರೈಲುಗಳನ್ನು ಎಳೆಯುತ್ತಿದ್ದುದು ಕಲ್ಲಿದ್ದಲು ಸುಟ್ಟು ಓಡುವ ಉಗಿ ಎಂಜಿನ್ನುಗಳು.

16ನೆಯ ವಯಸ್ಸಿನಲ್ಲಿ ವಾಲ್ಟರ್ ಶಾಲೆ ಬಿಟ್ಟು ಡಾನ್‌ಕಾಸ್ಟರ್ ಎಂಬ ಊರಿನ ರೈಲ್ವೆ ಕಾರ್ಖಾನೆಗೆ ಸೇರಿದ. ಕೆಲಸ ಕಲಿಯಲು ಅವನ ತಂದೆಯೇ 75 ಪೌಂಡ್ ಶುಲ್ಕ ಕಟ್ಟಬೇಕಾಯಿತು. ಐದು ವರ್ಷಗಳ ತರಬೇತಿ. ಬೆಳಗಿನ ಜಾವವೇ ಎದ್ದು ಕಾರ್ಖಾನೆಗೆ ಹೋಗಬೇಕು. ಎರಕ ಹೊಯ್ಯುವುದು, ಲೋಹವನ್ನು ಅರದಿಂದ ಉಜ್ಜಿ ನಯಮಾಡುವುದು, ಬಿಡಿಭಾಗಗಳನ್ನು ಜೋಡಿಸುವುದು, ಹೀಗೆ ಒಂದೊಂದನ್ನೂ ಕೈಯಾರೆ ಮಾಡಿ ಕಲಿಯಬೇಕು. ಶ್ರೀಮಂತರ ಮನೆಯ ಹುಡುಗ ಎಂದು ಯಾರೂ ರಿಯಾಯಿತಿ ತೋರಿಸಲಿಲ್ಲ.

ತರಬೇತಿಯ ಕೊನೆಯ ಹಂತದಲ್ಲಿ ಓಡುವ ರೈಲಿನ ಎಂಜಿನ್ನಿನಲ್ಲಿ ನಿಂತು ಒಲೆಗೆ ಕಲ್ಲಿದ್ದಲು ಹಾಕುವ ಅವಕಾಶ ಸಿಕ್ಕಿತು. ಒಮ್ಮೆ ಲಂಡನ್ನಿನಿಂದ ಲೀಡ್ಸ್ ನಗರಕ್ಕೆ ಹೋಗಿ ಅದೇ ದಿನ ಹಿಂದಿರುಗುವಾಗ, ಸುಮಾರು 640 ಕಿಲೋಮೀಟರ್ ದಾರಿಯಲ್ಲಿ, ಸುಮಾರು 7 ಟನ್ ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಒಲೆಗೆ ಹಾಕಬೇಕಾಯಿತು. 7 ಟನ್ ಎಂದರೆ 7,000 ಕಿಲೋಗ್ರಾಂ! 50 ಕಿಲೋ ಅಕ್ಕಿ ಮೂಟೆಗಳಾದರೆ ಎಷ್ಟಾಗುತ್ತವೆ? ಲೆಕ್ಕ ಮಾಡಿ ನೋಡಿ.

ಈ ಕಷ್ಟದ ಕೆಲಸ ಅವರಿಗೆ ಒಂದು ದೊಡ್ಡ ಪಾಠ ಕಲಿಸಿತು. ಎಂಜಿನ್ ಚೆನ್ನಾಗಿದೆಯೇ ಇಲ್ಲವೇ ಎಂಬುದು ಚಿತ್ರದ ಹಾಳೆಯ ಮೇಲೆ ತಿಳಿಯುವುದಿಲ್ಲ. ಗಂಟೆಗಟ್ಟಲೆ ಪೂರ್ಣ ಬಲದಿಂದ ಓಡಿದ ಮೇಲೂ ಅದು ಕೆಡದೆ ನಿಂತರೆ ಮಾತ್ರ ಅದು ಒಳ್ಳೆಯ ಎಂಜಿನ್. ಮುಂದೆ ಅವರು ತಯಾರಿಸಿದ ಎಲ್ಲ ಕಾರುಗಳಲ್ಲೂ ಈ ಪಾಠದ ಗುರುತು ಕಾಣುತ್ತದೆ.

ರೈಲಿನಿಂದ ರಸ್ತೆಗೆ

ಡಾನ್‌ಕಾಸ್ಟರ್‌ನಲ್ಲಿ ಇರುವಾಗಲೇ ಬೆಂಟ್ಲಿಯವರಿಗೆ ಮೋಟಾರ್ ಸೈಕಲ್ಲಿನ ಗೀಳು ಹಿಡಿದಿತ್ತು. 1909 ಮತ್ತು 1910ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆದ ಹೆಸರಾಂತ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಅವರು ಭಾಗವಹಿಸಿದರು. ರೈಲ್ವೆಯಲ್ಲಿ ಸಂಬಳ ಕಡಿಮೆ, ಮೇಲಕ್ಕೆ ಬರುವ ದಾರಿಯೂ ನಿಧಾನ. ಆದ್ದರಿಂದ 1910ರಲ್ಲಿ ಅದನ್ನು ಬಿಟ್ಟು ಲಂಡನ್ನಿನ ಒಂದು ಟ್ಯಾಕ್ಸಿ ಕಂಪನಿಗೆ ಸೇರಿದರು. ಅಲ್ಲಿ 250 ಟ್ಯಾಕ್ಸಿಗಳ ದುರಸ್ತಿಯ ಉಸ್ತುವಾರಿ. ಮೀಟರಿನಲ್ಲಿ ಕಡಿಮೆ ತೋರಿಸಿ ಬಾಡಿಗೆಯ ಹಣ ಉಳಿಸಿಕೊಳ್ಳಲು ಚಾಲಕರು ಹೂಡುತ್ತಿದ್ದ ಉಪಾಯಗಳನ್ನು ಕಂಡು ಅವರು ಬೆರಗಾಗುತ್ತಿದ್ದರಂತೆ.

1912ರಲ್ಲಿ ಅಣ್ಣ ಹೊರೇಸ್ ಜೊತೆ ಸೇರಿ ಬೆಂಟ್ಲಿ ಸ್ವಂತ ವ್ಯಾಪಾರ ಆರಂಭಿಸಿದರು. ಫ್ರಾನ್ಸ್ ದೇಶದ ಡಿ.ಎಫ್.ಪಿ. ಎಂಬ ಕಾರುಗಳನ್ನು ತರಿಸಿ ಇಂಗ್ಲೆಂಡಿನಲ್ಲಿ ಮಾರುವುದು ಅವರ ಕೆಲಸ. ಆದರೆ ಹೆಸರು ಕೇಳದ ಕಾರನ್ನು ಯಾರು ಕೊಳ್ಳುತ್ತಾರೆ? ಪಂದ್ಯಗಳಲ್ಲಿ ಗೆದ್ದರೆ ಜನ ತಾವಾಗಿಯೇ ಬರುತ್ತಾರೆ ಎಂದು ಬೆಂಟ್ಲಿ ಯೋಚಿಸಿದರು. ಗೆಲ್ಲಬೇಕಾದರೆ ಎಂಜಿನ್ನಿನ ಶಕ್ತಿ ಹೆಚ್ಚಬೇಕು. ಹೇಗೆ?

ಮೇಜಿನ ಮೇಲಿನ ಪುಟ್ಟ ವಸ್ತು

1913ರಲ್ಲಿ ಬೆಂಟ್ಲಿ ಪ್ಯಾರಿಸ್ ಬಳಿಯ ಡಿ.ಎಫ್.ಪಿ. ಕಾರ್ಖಾನೆಗೆ ಹೋಗಿದ್ದರು. ಅಲ್ಲಿನ ಕಚೇರಿಯ ಮೇಜಿನ ಮೇಲೆ ಕಾಗದಗಳು ಹಾರದಂತೆ ಒಂದು ಪುಟ್ಟ ವಸ್ತುವನ್ನು ಇಡಲಾಗಿತ್ತು. ಅದು ಅಲ್ಯೂಮಿನಿಯಂ ಲೋಹದಲ್ಲಿ ಮಾಡಿದ ಪಿಸ್ಟನ್ನಿನ ಮಾದರಿ. ಎಷ್ಟೋ ಜನ ಅದನ್ನು ನೋಡಿರಬೇಕು. ಯಾರಿಗೂ ಅದು ಬರೀ ಅಲಂಕಾರದ ವಸ್ತು. ಬೆಂಟ್ಲಿ ಮಾತ್ರ ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿ ಯೋಚನೆಗೆ ಬಿದ್ದರು. ನಿಜವಾದ ಪಿಸ್ಟನ್ನನ್ನೇ ಅಲ್ಯೂಮಿನಿಯಂನಲ್ಲಿ ಏಕೆ ಮಾಡಬಾರದು?

ಪಿಸ್ಟನ್ ಎಂದರೇನು? ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಕೊಳವೆಯ ಒಳಗೆ ಮೇಲೆ ಕೆಳಗೆ ಓಡಾಡುವ ಬಿಲ್ಲೆ ಇರುತ್ತದಲ್ಲವೇ? ಕಾರಿನ ಎಂಜಿನ್ನಿನಲ್ಲೂ ಸಿಲಿಂಡರ್ ಎಂಬ ಕೊಳವೆಯಲ್ಲಿ ಹೀಗೆಯೇ ಓಡಾಡುವ ಭಾಗ ಪಿಸ್ಟನ್. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ತಗುಲಿದಾಗ ಅದು ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಯೇ ಕೊನೆಗೆ ಚಕ್ರಗಳನ್ನು ತಿರುಗಿಸುತ್ತದೆ.

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಮೇಲೆ ಒಮ್ಮೆ, ಕೆಳಗೆ ಒಮ್ಮೆ ನಿಂತು ದಿಕ್ಕು ಬದಲಿಸಬೇಕು. ಹಾಗಾದರೆ ಒಂದೇ ಸೆಕೆಂಡಿನಲ್ಲಿ ಅದು 100 ಸಲ ನಿಂತು ಹೊರಡುತ್ತದೆ! ಭಾರವಾದ ವಸ್ತುವನ್ನು ನಿಲ್ಲಿಸುವುದೂ ಕಷ್ಟ, ಹೊರಡಿಸುವುದೂ ಕಷ್ಟ. ಇದನ್ನೇ ನೀವು ಜಡತ್ವ ಎಂದು ಕಲಿತಿದ್ದೀರಿ. ಆ ಕಾಲದ ಪಿಸ್ಟನ್ನುಗಳು ಬೀಡುಕಬ್ಬಿಣ ಅಥವಾ ಉಕ್ಕಿನವು. ಅಲ್ಯೂಮಿನಿಯಂನ ಸಾಂದ್ರತೆ ಕಬ್ಬಿಣದ ಸಾಂದ್ರತೆಯ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಪಿಸ್ಟನ್ ಹಗುರವಾದರೆ ಎಂಜಿನ್ ಇನ್ನೂ ವೇಗವಾಗಿ ತಿರುಗಬಹುದು.

ಇನ್ನೊಂದು ಲಾಭವೂ ಇತ್ತು. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಎಷ್ಟು ಬೇಗ ಕಾಯುತ್ತದೆ ಎಂಬುದನ್ನು ನೀವು ನೋಡಿದ್ದೀರಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಉತ್ತಮ ಉಷ್ಣವಾಹಕ. ಉರಿಯುವ ಅನಿಲದ ಶಾಖ ಪಿಸ್ಟನ್ನಿನ ತಲೆಯ ಮೇಲೆಯೇ ನಿಲ್ಲದೆ ಬೇಗ ಪಕ್ಕಕ್ಕೆ ಹರಿದು ಹೋಗುತ್ತದೆ.

ಆದರೆ ಎಲ್ಲರೂ ಇದನ್ನು ಏಕೆ ಮಾಡಿರಲಿಲ್ಲ? ತೊಂದರೆಗಳೂ ಇದ್ದವು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿಗೂ ಹೆಚ್ಚು ಶಾಖ ಬೇಕು. ಶುದ್ಧ ಅಲ್ಯೂಮಿನಿಯಂ ಮೆತು. ಜೊತೆಗೆ ಕಾಯಿಸಿದಾಗ ಅದು ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಕೆಟ್ಟು ನಿಲ್ಲುತ್ತದೆ. ಬೆಂಟ್ಲಿ ಶುದ್ಧ ಲೋಹವನ್ನು ಬಿಟ್ಟು ಮಿಶ್ರಲೋಹದ ಮೊರೆ ಹೋದರು. 100 ಭಾಗದಲ್ಲಿ 88 ಭಾಗ ಅಲ್ಯೂಮಿನಿಯಂ, 12 ಭಾಗ ತಾಮ್ರ. ತಾಮ್ರ ಸೇರಿದಾಗ ಲೋಹ ಗಟ್ಟಿಯಾಯಿತು. ಹಿಗ್ಗಲು ಜಾಗ ಸಿಗುವಂತೆ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಸರಿಯಾದ ಅಂತರ ಬಿಡಬೇಕಿತ್ತು.

ಹೊಸ ಪಿಸ್ಟನ್ನುಗಳನ್ನು ಹಾಕಿದ ಡಿ.ಎಫ್.ಪಿ. ಕಾರು ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ತನ್ನ ವರ್ಗದ ದಾಖಲೆಗಳನ್ನು ಮುರಿಯಿತು. ಇಷ್ಟು ಚಿಕ್ಕ ಎಂಜಿನ್ನಿಗೆ ಇಷ್ಟು ವೇಗ ಎಲ್ಲಿಂದ ಬಂತು ಎಂದು ಪ್ರತಿಸ್ಪರ್ಧಿಗಳು ತಲೆ ಕೆರೆದುಕೊಂಡರು. ಬೆಂಟ್ಲಿ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅದೇ ಅವರ ವ್ಯಾಪಾರದ ಬಂಡವಾಳವಾಗಿತ್ತು.

ಗುಟ್ಟು ಬಿಟ್ಟುಕೊಟ್ಟ ಗಳಿಗೆ

1914ರ ಆಗಸ್ಟ್‌ನಲ್ಲಿ ಬ್ರಿಟನ್ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ವಿಮಾನಗಳು ಯುದ್ಧಕ್ಕೆ ಬಂದವು. ಆಗಿನ ವಿಮಾನದ ಎಂಜಿನ್ನುಗಳು ಆಗಾಗ ಆಕಾಶದಲ್ಲೇ ಕೆಟ್ಟು ನಿಲ್ಲುತ್ತಿದ್ದವು. ಕಾರು ಕೆಟ್ಟರೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಬಹುದು. ವಿಮಾನದ ಎಂಜಿನ್ ಸಮುದ್ರದ ಮೇಲೆ ಕೆಟ್ಟರೆ?

ಈಗ ಬೆಂಟ್ಲಿಯವರ ಮುಂದೆ ಒಂದು ಪ್ರಶ್ನೆ ಇತ್ತು. ಪಿಸ್ಟನ್ನಿನ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡರೆ ಯುದ್ಧ ಮುಗಿದ ಮೇಲೆ ಲಾಭ. ಹೇಳಿಬಿಟ್ಟರೆ ಅದು ಎಲ್ಲ ಕಂಪನಿಗಳ ಪಾಲಾಗುತ್ತದೆ. ಬೆಂಟ್ಲಿ ನೌಕಾಪಡೆಯ ಅಧಿಕಾರಿಗಳ ಬಳಿಗೆ ಹೋಗಿ ತಮಗೆ ತಿಳಿದುದನ್ನೆಲ್ಲ ಹೇಳಿದರು. ಅಧಿಕಾರಿಗಳು ಅವರನ್ನು ರೋಲ್ಸ್ ರಾಯ್ಸ್ ಮತ್ತು ಸನ್‌ಬೀಮ್ ಕಂಪನಿಗಳಿಗೆ ಕಳುಹಿಸಿದರು. ಅವರು ಹೇಳಿಕೊಟ್ಟಂತೆ ರೋಲ್ಸ್ ರಾಯ್ಸ್ ತನ್ನ ಈಗಲ್ ಎಂಬ ವಿಮಾನ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ನುಗಳನ್ನು ಅಳವಡಿಸಿತು. ರೋಲ್ಸ್ ರಾಯ್ಸ್ ಎಂಬ ಈ ಹೆಸರನ್ನು ನೆನಪಿನಲ್ಲಿಡಿ. ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ತಿರುಗುವ ಎಂಜಿನ್

ಆ ಕಾಲದ ಹಲವು ಯುದ್ಧವಿಮಾನಗಳಲ್ಲಿ ವಿಚಿತ್ರವಾದ ಎಂಜಿನ್ ಇರುತ್ತಿತ್ತು. ಅದರಲ್ಲಿ ಮಧ್ಯದ ದಂಡ ನಿಂತಲ್ಲೇ ನಿಂತಿರುತ್ತದೆ. ಅದರ ಸುತ್ತ ಸಿಲಿಂಡರುಗಳೇ ರಾಟೆಯಂತೆ ಗಿರಗಿರನೆ ತಿರುಗುತ್ತವೆ! ಮುಂದಿನ ಪಂಖವೂ ಅವುಗಳ ಜೊತೆಗೇ ತಿರುಗುತ್ತದೆ. ಹೀಗೆ ತಿರುಗುವಾಗ ಗಾಳಿ ಬಡಿದು ಸಿಲಿಂಡರುಗಳು ತಣ್ಣಗಾಗುತ್ತವೆ ಎಂಬುದು ಇದರ ಅನುಕೂಲ.

ಆದರೆ ಇಲ್ಲೊಂದು ದೋಷವಿತ್ತು. ಸಿಲಿಂಡರಿನ ಮುಂಬದಿಗೆ ಗಾಳಿ ಬಡಿಯುತ್ತದೆ, ಹಿಂಬದಿಗೆ ಬಡಿಯುವುದಿಲ್ಲ. ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ. ಬಿಸಿಯಾದ ಬದಿ ಹೆಚ್ಚು ಹಿಗ್ಗಿ, ದುಂಡಗಿದ್ದ ಸಿಲಿಂಡರ್ ಸೊಟ್ಟಗಾಗುತ್ತಿತ್ತು. ಆಗ ಪಿಸ್ಟನ್ನಿನ ಉಂಗುರಗಳು ಮುರಿದು ಎಂಜಿನ್ ಕೈಕೊಡುತ್ತಿತ್ತು. ಬ್ರಿಟಿಷ್ ವಿಮಾನಗಳಲ್ಲಿ ಬಳಸುತ್ತಿದ್ದ ಕ್ಲರ್ಜೆ ಎಂಬ ಫ್ರೆಂಚ್ ಎಂಜಿನ್ನಿನಲ್ಲಿ ಈ ತೊಂದರೆ ಬಹಳವಾಗಿತ್ತು.

ಬೆಂಟ್ಲಿ ಕಚೇರಿಯಲ್ಲಿ ಕುಳಿತು ಪರಿಹಾರ ಹುಡುಕಲಿಲ್ಲ. ಫ್ರಾನ್ಸಿನ ಯುದ್ಧಭೂಮಿಯ ಬಳಿ ಇದ್ದ ವಿಮಾನದಳಗಳಿಗೆ ಹೋಗಿ ಪೈಲಟ್‌ಗಳನ್ನೂ ಮೆಕ್ಯಾನಿಕ್‌ಗಳನ್ನೂ ಕಂಡು, ಯಾವ ಭಾಗ ಯಾವಾಗ ಹೇಗೆ ಕೆಡುತ್ತದೆ ಎಂದು ವಿಚಾರಿಸಿದರು. ಆಮೇಲೆ ಕವೆಂಟ್ರಿ ನಗರದ ಹಂಬರ್ ಕಾರ್ಖಾನೆಯಲ್ಲಿ ತಮ್ಮದೇ ಎಂಜಿನ್ ತಯಾರಿಸಿದರು. ಅದರ ಸಿಲಿಂಡರುಗಳೇ ಅಲ್ಯೂಮಿನಿಯಂನವು! ಶಾಖ ಒಂದು ಕಡೆ ನಿಲ್ಲದೆ ಸುತ್ತಲೂ ಹರಡುತ್ತಿತ್ತು. ಉಜ್ಜಾಟಕ್ಕೆ ಸವೆಯದಂತೆ ಒಳಗೆ ಕಬ್ಬಿಣದ ತೆಳು ಕೊಳವೆಯನ್ನು ಕೂರಿಸಿದ್ದರು. ಕಿಡಿ ಕೊಡುವ ವ್ಯವಸ್ಥೆ ಒಂದು ಕೆಟ್ಟರೂ ಇನ್ನೊಂದು ನಡೆಯಲೆಂದು ಎರಡೆರಡು ಇಟ್ಟರು. 9 ಸಿಲಿಂಡರುಗಳ, 150 ಅಶ್ವಶಕ್ತಿಯ ಈ ಎಂಜಿನ್ನಿಗೆ ಬೆಂಟ್ಲಿ ರೋಟರಿ 1 ಎಂದು ಹೆಸರಾಯಿತು. ಸಾಪ್‌ವಿತ್ ಕ್ಯಾಮಲ್ ಎಂಬ ಹೆಸರಾಂತ ಯುದ್ಧವಿಮಾನದಲ್ಲಿ ಅದನ್ನು ಬಳಸಲಾಯಿತು. ಅದರ ನಂತರ ಬಂದ ಬೆಂಟ್ಲಿ ರೋಟರಿ 2 ಎಂಜಿನ್ನಿನ ಶಕ್ತಿ 230 ಅಶ್ವಶಕ್ತಿ. ಎಂಜಿನ್ನಿನ ಮೇಲೆ ನಂಬಿಕೆ ಇಟ್ಟು ಹಾರಬಹುದು ಎಂಬ ಧೈರ್ಯ ಪೈಲಟ್‌ಗಳಿಗೆ ಬಂತು.

ಯುದ್ಧ ಮುಗಿದ ಮೇಲೆ ಸರ್ಕಾರ ಬೆಂಟ್ಲಿಯವರಿಗೆ ಎಂ.ಬಿ.ಇ. ಎಂಬ ಗೌರವವನ್ನೂ 8,000 ಪೌಂಡ್ ಬಹುಮಾನವನ್ನೂ ನೀಡಿತು. ಆದರೆ ಆ ದಿನಗಳಲ್ಲೇ ಅವರ ಮನೆಯಲ್ಲಿ ದುಃಖ ಕವಿಯಿತು. ಪ್ರಪಂಚವನ್ನೆಲ್ಲ ಕಾಡಿದ ಇನ್‌ಫ್ಲುಯೆನ್ಜಾ ಸಾಂಕ್ರಾಮಿಕಕ್ಕೆ ಅವರ ಪತ್ನಿ 1919ರಲ್ಲಿ ಬಲಿಯಾದರು.

ಬೆಂಟ್ಲಿ ಕಾರು ಹುಟ್ಟಿತು

ಅದೇ 1919ರಲ್ಲಿ ಬೆಂಟ್ಲಿ ಮೋಟರ್ಸ್ ಕಂಪನಿ ಆರಂಭವಾಯಿತು. ಇನ್ನೊಬ್ಬರ ಕಾರನ್ನು ತಿದ್ದುವುದು ಸಾಕು, ಮೊದಲಿನಿಂದ ಕೊನೆಯವರೆಗೆ ತಮ್ಮದೇ ಆದ ಕಾರು ಮಾಡಬೇಕು ಎಂಬುದು ಬೆಂಟ್ಲಿಯವರ ಆಸೆ. ಲಂಡನ್ನಿನ ಬೇಕರ್ ಸ್ಟ್ರೀಟ್ ಬಳಿಯ ಒಂದು ಓಣಿಯಲ್ಲಿ ಮೊದಲ ಎಂಜಿನ್ ಸಿದ್ಧವಾಯಿತು. ಅದನ್ನು ಚಾಲೂ ಮಾಡಿದಾಗ ಬಂದ ಸದ್ದಿಗೆ ಇಡೀ ಓಣಿ ನಡುಗಿತು. ಪಕ್ಕದಲ್ಲೇ ಒಂದು ಶುಶ್ರೂಷಾಲಯ. ರೋಗಿಗಳಿಗೆ ತೊಂದರೆಯಾಗುತ್ತಿದೆ, ಸದ್ದು ನಿಲ್ಲಿಸಿ ಎಂದು ಅಲ್ಲಿನ ದಾದಿ ಬಂದು ಕೇಳಿಕೊಂಡರಂತೆ!

ಬಂಡವಾಳ ಸಾಲದು. ಬಿಡಿಭಾಗಗಳನ್ನು ಬೇರೆಯವರಿಂದ ಮಾಡಿಸಬೇಕು. ಮೊದಲ ಎಂಜಿನ್ ಓಡಿ ಸುಮಾರು ಎರಡು ವರ್ಷ ಕಳೆದ ಮೇಲೆ, 1921ರ ಸೆಪ್ಟೆಂಬರ್‌ನಲ್ಲಿ, ಮೊದಲ ಕಾರು ಗ್ರಾಹಕರ ಕೈ ಸೇರಿತು. ಅಷ್ಟು ಹೊತ್ತಿಗೆ ಲಂಡನ್ನಿನ ಕ್ರಿಕಲ್‌ವುಡ್ ಎಂಬಲ್ಲಿ ಕಾರ್ಖಾನೆ ಎದ್ದಿತ್ತು. ಅದು ಮೂರು ಲೀಟರ್ ಎಂಜಿನ್ನಿನ ಕಾರು. ಮೂರು ಲೀಟರ್ ಎಂದರೆ ಪೆಟ್ರೋಲ್ ಟ್ಯಾಂಕಿನ ಅಳತೆಯಲ್ಲ. ಎಲ್ಲ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಓಡಾಡುವ ಜಾಗದ ಒಟ್ಟು ಗಾತ್ರ. ನಾಲ್ಕು ಸಿಲಿಂಡರು. ಒಂದೊಂದಕ್ಕೂ ನಾಲ್ಕು ಕವಾಟ, ಎರಡು ಸ್ಪಾರ್ಕ್ ಪ್ಲಗ್. ಕವಾಟಗಳು ಹೆಚ್ಚಿದ್ದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಎರಡು ಕಡೆ ಕಿಡಿ ಹೊತ್ತಿದರೆ ಇಂಧನ ಚೆನ್ನಾಗಿ ಉರಿಯುತ್ತದೆ. ಪಿಸ್ಟನ್ನುಗಳು ಅಲ್ಯೂಮಿನಿಯಂನವು ಎಂದು ಬೇರೆ ಹೇಳಬೇಕೆ? ಕಂಪನಿ ಕಾರಿನ ಅಡಿಗಟ್ಟು ಮತ್ತು ಯಂತ್ರಭಾಗಕ್ಕೆ ಐದು ವರ್ಷಗಳ ಖಾತರಿಯನ್ನೂ ಕೊಟ್ಟಿತು.

24 ಗಂಟೆಗಳ ಪರೀಕ್ಷೆ

1923ರಲ್ಲಿ ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ ಹೊಸ ಬಗೆಯ ಪಂದ್ಯ ಆರಂಭವಾಯಿತು. ಹಗಲೂ ರಾತ್ರಿ ಸೇರಿ 24 ಗಂಟೆ ಕಾರು ಓಡಿಸಬೇಕು. ಒಂದು ಕಾರಿಗೆ ಇಬ್ಬರು ಚಾಲಕರು, ಸರದಿಯಂತೆ. ಇದು ಹುಚ್ಚಾಟ, ಯಾವ ಕಾರೂ ಉಳಿಯದು ಎಂದೇ ಬೆಂಟ್ಲಿ ಮೊದಲು ಭಾವಿಸಿದ್ದರು. ಆದರೂ ಜಾನ್ ಡಫ್ ಎಂಬ ಗ್ರಾಹಕರು ತಮ್ಮ ಕಾರಿನೊಡನೆ ಹೊರಟರು. ಕಂಪನಿಯ ಚಾಲಕ ಫ್ರಾಂಕ್ ಕ್ಲೆಮೆಂಟ್ ಜೊತೆಗೂಡಿದರು.

ರಸ್ತೆಯಲ್ಲಿ ಡಾಂಬರಿಲ್ಲ, ಬರೀ ಕಲ್ಲು. ಮುಂದಿನ ಕಾರಿನ ಚಕ್ರದಿಂದ ಸಿಡಿದ ಕಲ್ಲು ಬಡಿದು ಬೆಂಟ್ಲಿಯ ದೀಪ ಒಡೆಯಿತು. ಇನ್ನೊಂದು ಕಲ್ಲು ಪೆಟ್ರೋಲ್ ಟ್ಯಾಂಕನ್ನೇ ತೂತು ಮಾಡಿತು. ಪೆಟ್ರೋಲ್ ಸೋರಿ ಕಾರು ದೂರದಲ್ಲಿ ನಿಂತುಬಿಟ್ಟಿತು. ಡಫ್ ಕಾಲ್ನಡಿಗೆಯಲ್ಲಿ ಓಡೋಡಿ ಬಂದು ಸುದ್ದಿ ಹೇಳಿದರು. ಕ್ಲೆಮೆಂಟ್ ಒಂದು ಬೈಸಿಕಲ್ ಹತ್ತಿ, ಪೆಟ್ರೋಲ್ ಡಬ್ಬಿಗಳನ್ನು ಹೊತ್ತು ಕಾರಿನ ಬಳಿಗೆ ಹೋಗಿ, ತೂತು ಮುಚ್ಚಿ ಕಾರನ್ನು ಮತ್ತೆ ಓಡಿಸಿದರು. ಇಷ್ಟಾದರೂ ಕಾರು ನಾಲ್ಕನೆಯ ಸ್ಥಾನ ಪಡೆಯಿತು.

ಪಂದ್ಯವನ್ನು ಕಣ್ಣಾರೆ ನೋಡಿದ ಬೆಂಟ್ಲಿಯವರ ಅಭಿಪ್ರಾಯ ಬದಲಾಯಿತು. ರೈಲು ಎಂಜಿನ್ನಿನಲ್ಲಿ ಕಲಿತ ಪಾಠದ ಪರೀಕ್ಷೆ ಇದೇ ಅಲ್ಲವೇ? ಮರುವರ್ಷ ದೀಪಗಳಿಗೆ ತಂತಿಬಲೆ ಹಾಕಿದರು. ಟ್ಯಾಂಕಿಗೆ ರಕ್ಷಣೆ ಕೊಟ್ಟರು. ಹಿಂದಿನ ಚಕ್ರಗಳಿಗೆ ಮಾತ್ರ ಇದ್ದ ಬ್ರೇಕನ್ನು ಮುಂದಿನ ಚಕ್ರಗಳಿಗೂ ಅಳವಡಿಸಿದರು. 1924ರಲ್ಲಿ ಅದೇ ಇಬ್ಬರು ಚಾಲಕರು ಮೊದಲ ಸ್ಥಾನ ಗೆದ್ದರು.

1925 ಮತ್ತು 1926ರಲ್ಲಿ ಬೆಂಟ್ಲಿ ಕಾರುಗಳು ಸೋತವು. 1927ರಲ್ಲಿ ಇನ್ನೂ ದೊಡ್ಡ ಆಪತ್ತು ಬಂತು. ಮುಸ್ಸಂಜೆಯ ಹೊತ್ತಿನಲ್ಲಿ ವೈಟ್ ಹೌಸ್ ಎಂಬ ತಿರುವಿನ ಬಳಿ ಒಂದು ಕಾರು ರಸ್ತೆಗೆ ಅಡ್ಡವಾಗಿ ನಿಂತಿತು. ಎರಡು ಬೆಂಟ್ಲಿ ಕಾರುಗಳು ಒಂದರ ಹಿಂದೆ ಒಂದು ಬಂದು ಅಪಘಾತಕ್ಕೆ ಸಿಕ್ಕಿದವು. ಮೂರನೆಯ ಬೆಂಟ್ಲಿಯ ಚಾಲಕ ಸ್ಯಾಮಿ ಡೇವಿಸ್ ತಿರುವಿಗೆ ಬರುವ ಮೊದಲೇ ರಸ್ತೆಯ ಮೇಲೆ ಮಣ್ಣು, ಮರದ ಚೂರು ಬಿದ್ದಿರುವುದನ್ನು ಗಮನಿಸಿದರು. ಹಿಂದಿನ ಸುತ್ತಿನಲ್ಲಿ ಅವು ಇರಲಿಲ್ಲ! ಏನೋ ಆಗಿದೆ ಎಂದು ತಕ್ಷಣ ವೇಗ ತಗ್ಗಿಸಿದರು. ಅವರ ಕಾರೂ ಡಿಕ್ಕಿ ಹೊಡೆಯಿತು, ಆದರೆ ಪೆಟ್ಟು ಕಡಿಮೆ. ಒಂದು ದೀಪ ಒಡೆದು, ಚೌಕಟ್ಟು ಬಗ್ಗಿದ ಆ ಕಾರನ್ನು ಡೇವಿಸ್ ಕೈಲಾದಷ್ಟು ಸರಿಪಡಿಸಿದರು. ಅವರೂ ಜೊತೆ ಚಾಲಕರಾದ ಡಾಕ್ಟರ್ ಬೆಂಜಾಫೀಲ್ಡ್ ಅವರೂ ರಾತ್ರಿಯೆಲ್ಲ ಅದನ್ನೇ ಓಡಿಸಿ ಪಂದ್ಯ ಗೆದ್ದರು! ಗಮನಿಸುವ ಗುಣ ಎಷ್ಟು ದೊಡ್ಡದು ನೋಡಿದಿರಾ?

ಆಮೇಲೆ 1928, 1929, 1930ರಲ್ಲೂ ಬೆಂಟ್ಲಿ ಕಾರುಗಳೇ ಗೆದ್ದವು. 1929ರಲ್ಲಂತೂ ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಯವೇ.

ಗೆಲುವಿನ ನಡುವೆ ಸಾಲ

ಇಷ್ಟು ಗೆದ್ದ ಕಂಪನಿಯಲ್ಲಿ ಹಣ ತುಂಬಿ ತುಳುಕುತ್ತಿರಬೇಕು ಎಂದು ನೀವು ಭಾವಿಸಬಹುದು. ನಿಜ ಸಂಗತಿ ಬೇರೆ. ಬೆಂಟ್ಲಿ ಲೋಹವನ್ನು ಬಲ್ಲಷ್ಟು ಲೆಕ್ಕಪತ್ರವನ್ನು ಬಲ್ಲವರಲ್ಲ. 1926ರಲ್ಲಿ ಕಂಪನಿ ಮುಚ್ಚುವ ಸ್ಥಿತಿಗೆ ಬಂದಾಗ ವುಲ್ಫ್ ಬರ್ನಾಟೊ ಎಂಬ ಸಿರಿವಂತರು ಹಣ ಹಾಕಿ ಅದರ ಅಧ್ಯಕ್ಷರಾದರು. ಅವರ ತಂದೆ ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಶ್ರೀಮಂತರಾದವರು. ಬರ್ನಾಟೊ ಒಳ್ಳೆಯ ಚಾಲಕರೂ ಹೌದು. ಲ ಮಾನ್ ಪಂದ್ಯದಲ್ಲಿ ಮೂರು ಸಲ ಭಾಗವಹಿಸಿ ಮೂರೂ ಸಲ ಗೆದ್ದರು. ಆದರೆ ಅಂದಿನಿಂದ ಬೆಂಟ್ಲಿ ತಮ್ಮದೇ ಕಂಪನಿಯಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವವರಾದರು.

ಇದರ ಪರಿಣಾಮ ಬೇಗನೆ ಕಾಣಿಸಿತು. ಟಿಮ್ ಬರ್ಕಿನ್ ಎಂಬ ಚಾಲಕರು ಎಂಜಿನ್ನಿಗೆ ಪಂಪಿನಿಂದ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸೋಣ ಎಂದರು. ಬೆಂಟ್ಲಿ ಒಪ್ಪಲಿಲ್ಲ. ಶಕ್ತಿ ಬೇಕಾದರೆ ದೊಡ್ಡ ಎಂಜಿನ್ ಮಾಡೋಣ, ಚಿಕ್ಕದನ್ನು ಹಿಂಸಿಸಿದರೆ ಬಾಳಿಕೆ ಬರದು ಎಂಬುದು ಅವರ ನಿಲುವು. ಬರ್ನಾಟೊ ಅವರು ಬರ್ಕಿನ್‌ಗೆ ಒಪ್ಪಿಗೆ ಕೊಟ್ಟರು. ಬ್ಲೋವರ್ ಎಂದು ಹೆಸರಾದ ಆ ಕಾರುಗಳು ಬಹಳ ವೇಗದವು. ಆದರೆ ಲ ಮಾನ್ ಪಂದ್ಯದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ.

1929ರ ಕೊನೆಯಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಥಿಕ ಕುಸಿತ ಪ್ರಪಂಚಕ್ಕೆಲ್ಲ ಹಬ್ಬಿತು. ಅಂಥ ಹೊತ್ತಿನಲ್ಲಿಯೇ, 1930ರಲ್ಲಿ, ಬೆಂಟ್ಲಿಯವರ ಅತಿ ದೊಡ್ಡ ಕಾರು ಹೊರಬಂತು. 8 ಲೀಟರಿನ ಎಂಜಿನ್, ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು ವೇಗ. ಆದರೆ ಅಷ್ಟು ಹಣ ಕೊಟ್ಟು ಕೊಳ್ಳುವವರೆಲ್ಲಿ? ತಯಾರಾದದ್ದು 100 ಕಾರುಗಳು ಮಾತ್ರ. 1931ರಲ್ಲಿ ಬರ್ನಾಟೊ ಮತ್ತೆ ಹಣ ಹಾಕಲು ಮುಂದೆ ಬರಲಿಲ್ಲ. ಸಾಲ ತೀರಿಸಲಾಗದೆ ಕಂಪನಿ ಮಾರಾಟಕ್ಕೆ ಬಂತು.

ಹೆಸರೂ ಹೋಯಿತು

ನೇಪಿಯರ್ ಎಂಬ ಕಂಪನಿ ಬೆಂಟ್ಲಿ ಮೋಟರ್ಸನ್ನು ಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದರು. ಅವರಿಗಾಗಿ ಹೊಸ ಕಾರಿನ ನಕ್ಷೆ ತಯಾರಿಸಲೂ ಬೆಂಟ್ಲಿ ಆರಂಭಿಸಿದ್ದರು. ಕೊನೆಯ ಗಳಿಗೆಯಲ್ಲಿ ಯಾರೂ ಕೇಳಿರದ ಒಂದು ಸಂಸ್ಥೆ ಹೆಚ್ಚು ಬೆಲೆ ಕೂಗಿ ಕಂಪನಿಯನ್ನು ಕೊಂಡಿತು. ಅದರ ಹಿಂದೆ ಯಾರಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಅದು ರೋಲ್ಸ್ ರಾಯ್ಸ್! ಯುದ್ಧದ ದಿನಗಳಲ್ಲಿ ಬೆಂಟ್ಲಿ ಯಾರಿಗೆ ಪಿಸ್ಟನ್ನಿನ ಗುಟ್ಟು ಹೇಳಿಕೊಟ್ಟಿದ್ದರೋ ಅದೇ ಕಂಪನಿ.

ಕಾರ್ಖಾನೆಯ ಜೊತೆ ಬೆಂಟ್ಲಿ ಎಂಬ ಹೆಸರೂ ರೋಲ್ಸ್ ರಾಯ್ಸ್ ಪಾಲಾಯಿತು. ಬೆಂಟ್ಲಿಯವರು ಅಲ್ಲಿ ನೌಕರರಾದರು. ಹೊಸ ಕಾರಿನ ವಿನ್ಯಾಸದಲ್ಲಿ ಅವರಿಗೆ ಪಾತ್ರ ಕೊಡಲಿಲ್ಲ. 1935ರಲ್ಲಿ ಒಪ್ಪಂದ ಮುಗಿದ ಕೂಡಲೇ ಅವರು ಲಗೊಂಡ ಎಂಬ ಕಂಪನಿ ಸೇರಿದರು.

ಬೇರೆ ಯಾರಾದರೂ ಆಗಿದ್ದರೆ ಬೇಸತ್ತು ಕೈಚೆಲ್ಲಿ ಕೂರುತ್ತಿದ್ದರೇನೋ. ಬೆಂಟ್ಲಿ ಮತ್ತೆ ಎಂಜಿನ್ನಿನ ಕೆಲಸಕ್ಕೆ ಕೂತರು. 12 ಸಿಲಿಂಡರುಗಳ ಹೊಸ ಎಂಜಿನ್ನನ್ನು ರೂಪಿಸಿದರು. ಆ ಕಾರುಗಳು 1939ರ ಲ ಮಾನ್ ಪಂದ್ಯದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಪಡೆದವು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ 6 ಸಿಲಿಂಡರುಗಳ, 2.6 ಲೀಟರಿನ ಇನ್ನೊಂದು ಎಂಜಿನ್ನಿನ ವಿನ್ಯಾಸ ಅವರ ಮಾರ್ಗದರ್ಶನದಲ್ಲಿ ಸಿದ್ಧವಾಯಿತು. ಹೊಸ ಕಾರನ್ನು ಲಗೊಂಡ ಬೆಂಟ್ಲಿ ಎಂದು ಕರೆಯಬೇಕೆಂದಿದ್ದರು. ರೋಲ್ಸ್ ರಾಯ್ಸ್ ನ್ಯಾಯಾಲಯಕ್ಕೆ ಹೋಯಿತು. ಹೆಸರನ್ನು ಕೈಬಿಡಬೇಕಾಯಿತು.

ಆದರೆ ಎಂಜಿನ್ ಕೈಬಿಡಲಿಲ್ಲ. ಟ್ರಾಕ್ಟರ್ ತಯಾರಕರಾಗಿದ್ದ ಡೇವಿಡ್ ಬ್ರೌನ್ ಎಂಬವರು 1947ರಲ್ಲಿ ಆಸ್ಟನ್ ಮಾರ್ಟಿನ್ ಕಂಪನಿಯನ್ನೂ ಲಗೊಂಡ ಕಂಪನಿಯನ್ನೂ ಕೊಂಡರು. ಲಗೊಂಡವನ್ನು ಕೊಳ್ಳಲು ಒಂದು ಮುಖ್ಯ ಕಾರಣ ಆ ಎಂಜಿನ್ನೇ. 1950ರಲ್ಲಿ ಬಂದ ಆಸ್ಟನ್ ಮಾರ್ಟಿನ್ ಡಿ.ಬಿ. 2 ಕಾರಿನ ಹುಡ್ಡಿನ ಒಳಗೆ ಬಡಿಯುತ್ತಿದ್ದ ಹೃದಯ ಬೆಂಟ್ಲಿಯವರದು. ಹೀಗೆ ಬ್ರಿಟನ್ನಿನ ಎರಡು ಹೆಸರಾಂತ ಕಾರುಗಳಿಗೆ ಒಬ್ಬರೇ ಎಂಜಿನಿಯರ್ ನೆರವಾದರು.

ಹಳೆಯ ಬೆಂಟ್ಲಿ ಕಾರುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು 1936ರಲ್ಲಿಯೇ ಒಂದು ಸಂಘ ಕಟ್ಟಿಕೊಂಡಿದ್ದರು. ಅವರು ಮುದಿ ವಯಸ್ಸಿನ ಬೆಂಟ್ಲಿಯವರನ್ನು ಕರೆದು ಗೌರವಿಸುತ್ತಿದ್ದರು. 1971ರ ಆಗಸ್ಟ್ 13ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಬೆಂಟ್ಲಿ ತೀರಿಕೊಂಡರು. ಕ್ರಿಕಲ್‌ವುಡ್‌ನಲ್ಲಿ ಹತ್ತು ವರ್ಷಗಳಲ್ಲಿ ತಯಾರಾದದ್ದು ಸುಮಾರು 3,000 ಕಾರುಗಳು. ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಬೆಂಟ್ಲಿ ಹೆಸರಿನ ಕಂಪನಿ 1998ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಪಾಲಾಯಿತು. 2003ರಲ್ಲಿ, ಎಂದರೆ 73 ವರ್ಷಗಳ ನಂತರ, ಬೆಂಟ್ಲಿ ಕಾರು ಮತ್ತೆ ಲ ಮಾನ್ ಪಂದ್ಯ ಗೆದ್ದಿತು.

ಇನ್ನು ಆ ಅಲ್ಯೂಮಿನಿಯಂ ಪಿಸ್ಟನ್? ಇಂದು ನಿಮ್ಮ ಊರಿನ ರಸ್ತೆಯಲ್ಲಿ ಪೆಟ್ರೋಲಿನಿಂದ ಓಡುವ ಮೋಟಾರ್ ಸೈಕಲ್, ಆಟೊ, ಕಾರು ಯಾವುದನ್ನೇ ನೋಡಿ. ಅವುಗಳ ಎಂಜಿನ್ನಿನ ಒಳಗೆ ಓಡಾಡುತ್ತಿರುವುದು ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್ನೇ. ಅದರ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಆದರೆ ಮೇಜಿನ ಮೇಲಿದ್ದ ಪುಟ್ಟ ವಸ್ತುವನ್ನು ಎತ್ತಿ ನೋಡಿ ಪ್ರಶ್ನೆ ಕೇಳಿದ ಬೆಂಟ್ಲಿ ನಿಮಗೀಗ ಗೊತ್ತು.

ನಿಮಗೆ ಗೊತ್ತೇ?

ಯುದ್ಧಕಾಲದ ತಿರುಗುವ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿ ಹರಳೆಣ್ಣೆ ಹಾಕುತ್ತಿದ್ದರು! ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಎಂಜಿನ್ ತಿರುಗುವಾಗ ಎಣ್ಣೆ ಹೊಗೆಯ ಜೊತೆ ಹೊರಕ್ಕೆ ಸಿಡಿದು ಪೈಲಟ್‌ಗಳ ಮುಖಕ್ಕೆ, ಬಟ್ಟೆಗೆ ಬಡಿಯುತ್ತಿತ್ತು.

ಮಾಡಿ ನೋಡಿ

ಒಂದೇ ಅಳತೆಯ ಒಂದು ಸ್ಟೀಲ್ ಚಮಚ, ಒಂದು ಅಲ್ಯೂಮಿನಿಯಂ ಚಮಚ ತೆಗೆದುಕೊಳ್ಳಿ. ಎರಡರ ಹಿಡಿಯ ತುದಿಗೂ ಸ್ವಲ್ಪ ಗಟ್ಟಿ ತುಪ್ಪ ಹಚ್ಚಿ ಒಂದೊಂದು ಕಡಲೆಬೀಜ ಅಂಟಿಸಿ. ಹಿಡಿಗಳು ಮೇಲಿರುವಂತೆ ಎರಡನ್ನೂ ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ. ಬಿಸಿನೀರನ್ನು ಶಿಕ್ಷಕರೇ ಹಾಕಲಿ. ಯಾವ ಬೀಜ ಮೊದಲು ಬಿತ್ತು? ಏಕೆ?

ಯೋಚಿಸಿ ಉತ್ತರಿಸಿ

1. ಅಲ್ಯೂಮಿನಿಯಂ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಅಂತರವೇ ಬಿಡದಿದ್ದರೆ ಏನಾಗುತ್ತದೆ?
2. ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ?
3. ಬೆಂಟ್ಲಿ ತಮ್ಮ ಗುಟ್ಟನ್ನು ಹೇಳಿಕೊಟ್ಟದ್ದು ಸರಿಯೇ? ನಿಮ್ಮ ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿ.